ಪೀಣ್ಯದ ಪ್ಯಾಲೆಟ್, ಮಲ್ಲೇಶ್ವರದ ತೊಲೆ: ಒಂದು ಮಂಚದ ಲೆಕ್ಕ

ತುಮಕೂರು ರಸ್ತೆಯ ಎಂಟನೇ ಮೈಲಿಯಲ್ಲಿ ಮಂಚ ಹುಡುಕುವವರ ಕಣ್ಣಿಗೆ ಮೊದಲು ಬೀಳುವುದು ಐಕಿಯಾದ ನೀಲಿ ಕಟ್ಟಡ. ನಾಗಸಂದ್ರ ಮೆಟ್ರೊ ನಿಲ್ದಾಣದ ಮಗ್ಗುಲಲ್ಲೇ ಇರುವ ಈ ಮಳಿಗೆ ಬಾಗಿಲು ತೆರೆದದ್ದು 2022ರ ಜೂನ್‌ನಲ್ಲಿ. ಅದರ ಮುಂದೆಯೇ ಇನ್ನೊಂದು ಸರಕು ಹಾದುಹೋಗುತ್ತಿರುತ್ತದೆ. ಅದಕ್ಕೆ ಫಲಕವಿಲ್ಲ, ಬೆಲೆ ಚೀಟಿಯೂ ಇಲ್ಲ. ಪೀಣ್ಯದ ಕಾರ್ಖಾನೆಗಳಲ್ಲಿ ಯಂತ್ರ, ಬಿಡಿಭಾಗ, ಡ್ರಮ್ಮುಗಳನ್ನು ಇಳಿಸಿದ ಮೇಲೆ ಉಳಿದ ಪ್ಯಾಲೆಟ್‌ಗಳು, ಬಿಚ್ಚಿದ ಪೆಟ್ಟಿಗೆಗಳ ಹಲಗೆಗಳು ಹಗ್ಗ ಬಿಗಿಸಿಕೊಂಡು ಟೆಂಪೊ ಏರಿ ಗುಜರಿಗೆ ಹೊರಟಿರುತ್ತವೆ. ಮತ್ತೆ ಪ್ಯಾಲೆಟ್ ಆಗದ್ದು ಕೊನೆಗೆ ಸೇರುವುದು ಒಲೆಯನ್ನು.

ಇಲ್ಲಿಂದ ಹೆಸರಘಟ್ಟ ರಸ್ತೆಗೆ ತಿರುಗಿದರೆ ಬಾಗಲಗುಂಟೆ. ದಾಸರಹಳ್ಳಿ ನಗರಸಭೆಯ ಜತೆ 2007ರಲ್ಲಿ ಮಹಾನಗರ ಪಾಲಿಕೆಗೆ ಸೇರಿದ ಪ್ರದೇಶವಿದು. ಪೀಣ್ಯದಲ್ಲಿ ದುಡಿಯುವ ಸಾವಿರಾರು ಕುಟುಂಬಗಳು ಸುತ್ತಲಿನ ಬಡಾವಣೆಗಳಲ್ಲಿ ಬಾಡಿಗೆಗಿವೆ. ಹನ್ನೊಂದು ತಿಂಗಳ ಕರಾರು, ಕಿರಿದಾದ ಮೆಟ್ಟಿಲು, ಹತ್ತಡಿ ಚದರದ ಕೋಣೆ, ಬಾಡಿಗೆ ಏರಿದಾಗ ಪಕ್ಕದ ರಸ್ತೆಗೆ ಸ್ಥಳಾಂತರ. ಇಂಥ ಮನೆಗೆ ಬೇಕಾದ ಮಂಚ ಅಗ್ಗವಾಗಿರಬೇಕು, ಬಿಚ್ಚಿ ಕಟ್ಟಲು ಬರಬೇಕು, ನಾಲ್ಕು ಸಲ ಮನೆ ಬದಲಿಸಿದರೂ ಗಟ್ಟಿಯಾಗಿರಬೇಕು. ಹಳೇ ಮರದಲ್ಲಿ ಇದನ್ನು ಮಾಡಿಕೊಳ್ಳಬಹುದು. ಆದರೆ ಹಳೇ ಮರವೆಂದ ಮಾತ್ರಕ್ಕೆ ಮಂಚ ಅಗ್ಗವಾಗುವುದಿಲ್ಲ. ಯಾವ ಮರ ಎಲ್ಲಿ ಬೇಕು, ಎಲ್ಲಿ ಬೇಡ ಎಂಬ ಲೆಕ್ಕ ಸರಿಯಿದ್ದರೆ ಮಾತ್ರ ಹಣ ಉಳಿಯುತ್ತದೆ.

ಎರಡು ಬಗೆಯ ಹಳೇ ಮರ

ಬೆಂಗಳೂರಿನಲ್ಲಿ ಹಳೇ ಮರ ಬರುವುದು ಮುಖ್ಯವಾಗಿ ಎರಡು ಕಡೆಯಿಂದ. ಒಂದು, ಕಾರ್ಖಾನೆಗಳ ಪ್ಯಾಕಿಂಗ್ ಮರ. ಹೊರದೇಶದ ಯಂತ್ರಗಳ ಜತೆ ಬರುವುದು ಹೆಚ್ಚಾಗಿ ಪೈನ್ ಅಥವಾ ಅದರ ಜಾತಿಯ ಹಗುರ ಮರ. ಇಲ್ಲೇ ತಯಾರಾದ ಪ್ಯಾಲೆಟ್‌ಗಳಲ್ಲಿ ಸಿಲ್ವರ್ ಓಕ್, ನೀಲಗಿರಿ, ರಬ್ಬರ್ ಮರ, ವ್ಯಾಪಾರದವರು ಒಟ್ಟಾರೆ ‘ಜಂಗಲ್‌ವುಡ್’ ಎನ್ನುವ ನಾನಾ ಜಾತಿಯ ಮರಗಳು ಸಿಗುತ್ತವೆ.

ಇನ್ನೊಂದು, ಕೆಡವಿದ ಮನೆಗಳ ಮರ. 1898ರ ಪ್ಲೇಗಿನ ನಂತರ ಮಲ್ಲೇಶ್ವರ, ಬಸವನಗುಡಿಗಳನ್ನು ಹೊಸ ಬಡಾವಣೆಗಳಾಗಿ ರೂಪಿಸಿದಾಗ ಕಟ್ಟಿದಂಥ ಹೆಂಚಿನ ಮನೆಗಳಲ್ಲಿ ಮರ ಧಾರಾಳವಾಗಿತ್ತು. ತೊಲೆ, ಜಂತೆ, ಹೆಂಚಿನ ಕೆಳಗಿನ ರೀಪು, ಬಾಗಿಲ ದಾರಂದ, ಕಿಟಕಿ ಚೌಕಟ್ಟು ಎಲ್ಲವೂ ಮರದವೇ. ಆ ಮನೆಗಳ ಜಾಗದಲ್ಲಿ ಅಪಾರ್ಟ್‌ಮೆಂಟ್ ಏಳುವಾಗ ತೇಗ, ಮತ್ತಿ, ಹೊನ್ನೆ, ಹಲಸಿನ ತುಂಡುಗಳು ಹಳೇ ಬಾಗಿಲು–ಕಿಟಕಿಯ ಅಂಗಡಿಗಳಿಗೆ ಬರುತ್ತವೆ. ಕಟ್ಟಡ ತ್ಯಾಜ್ಯದಿಂದ ಮರವನ್ನು ಬೇರ್ಪಡಿಸಬೇಕೆಂದು 2016ರ ಕೇಂದ್ರ ನಿಯಮಗಳೂ ಹೇಳಿದ್ದವು. ನಿಯಮಕ್ಕಿಂತ ಮುಂಚೆಯೇ ಗುಜರಿಯವರು ಆ ಕೆಲಸ ಮಾಡಿಕೊಂಡು ಬಂದಿದ್ದರು ಎಂಬುದು ಬೇರೆ ಮಾತು.

ಎರಡರ ಗುಣವೂ ಬೇರೆ. ಹಳೇ ಮನೆಯ ಮರ ಹತ್ತಾರು ವರ್ಷ ಸೂರಿನಡಿ ಒಣಗಿರುತ್ತದೆ. ಸೊಟ್ಟಗಾಗುವುದು, ಸೀಳುವುದು ಏನಿದ್ದರೂ ಬಹುಪಾಲು ಆಗಿ ಮುಗಿದಿರುತ್ತದೆ. ಚೇಗಿನ ಭಾಗವಾದರೆ ಹುಳಕ್ಕೂ ಸುಲಭಕ್ಕೆ ಬಗ್ಗದು. ಪ್ಯಾಕಿಂಗ್ ಮರ ಎಳೆಯದು, ಗಂಟುಗಳು ಹೆಚ್ಚು. ಆದರೆ ಹಗುರ, ಕೊಯ್ಯಲು ಸುಲಭ, ಬೆಲೆಯೂ ಕಡಿಮೆ. ಒಂದು ಘನ ಮೀಟರ್ ಒಣ ತೇಗ ಸುಮಾರು 650 ಕಿಲೊ ತೂಗಿದರೆ ಪೈನ್ 450–500 ಕಿಲೊ. ಮೂರನೇ ಮಹಡಿಗೆ ಹೊತ್ತು ಏರುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಹಲಗೆಯ ಮೇಲಿನ ಮುದ್ರೆ

ಪ್ಯಾಲೆಟ್ ಕೊಳ್ಳುವ ಮೊದಲು ಅದರ ಗಟ್ಟಿಯ, ಅಂದರೆ ಮೇಲಿನ ಮತ್ತು ಕೆಳಗಿನ ಹಲಗೆಗಳ ನಡುವಿನ ದಪ್ಪ ಮರದ ತುಂಡಿನ, ಮೇಲೆ ಸುಟ್ಟು ಒತ್ತಿದ ಮುದ್ರೆಯನ್ನು ನೋಡಬೇಕು. ಗೋಧಿ ತೆನೆಯ ಚಿತ್ರ, ಅದರ ಪಕ್ಕ ದೇಶದ ಎರಡಕ್ಷರ, ತಯಾರಕರ ಸಂಖ್ಯೆ, ಕೊನೆಗೆ ಇನ್ನೆರಡು ಅಕ್ಷರ ಇರುತ್ತವೆ. 2002ರಲ್ಲಿ ಅಂಗೀಕಾರವಾದ ‘ಐಎಸ್‌ಪಿಎಂ 15’ ಎಂಬ ಅಂತರರಾಷ್ಟ್ರೀಯ ಮಾನದಂಡದ ಗುರುತು ಇದು.

ಇದರ ಹಿಂದೆ ಹುಳುಗಳ ಕಥೆಯಿದೆ. ಪ್ಯಾಕಿಂಗ್ ಮರದೊಳಗೆ ಅಡಗಿ ಏಷ್ಯಾದಿಂದ ಬಂದ ಉದ್ದ ಮೀಸೆಯ ದುಂಬಿ 1996ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಪತ್ತೆಯಾಯಿತು. ಅದರ ಹಾವಳಿ ತಡೆಯಲು ಅಮೆರಿಕ ಸಾವಿರಾರು ಮರಗಳನ್ನು ಕಡಿಯಬೇಕಾಯಿತು. ದೇಶದಿಂದ ದೇಶಕ್ಕೆ ಸಾಗುವ ಮರದಲ್ಲಿ ಹುಳು ಉಳಿಯಬಾರದೆಂಬ ನಿಯಮ ಹುಟ್ಟಿದ್ದು ಇಂಥ ಅನುಭವಗಳಿಂದ.

ಕೊನೆಯ ಅಕ್ಷರಗಳು ‘ಹೆಚ್‌ಟಿ’ ಆಗಿದ್ದರೆ ಶಾಖದ ಸಂಸ್ಕರಣೆ ಆಗಿದೆ ಎಂದರ್ಥ. ಮರದ ನಡುಭಾಗವೂ ಕನಿಷ್ಠ 56 ಡಿಗ್ರಿ ಸೆಲ್ಸಿಯಸ್ ತಲುಪಿ 30 ನಿಮಿಷ ಹಾಗೆಯೇ ಇದ್ದಿರಬೇಕು. ಮಲಗುವ ಕೋಣೆಗೆ ಇದೇ ಸರಿಯಾದ ಮರ. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಅನಿಲದ ಹೊಗೆ ಹಾಕಿದ್ದಾರೆ. ಅದು ವಿಷಾನಿಲ, ಓಝೋನ್ ಪದರಕ್ಕೂ ಹಾನಿಕರ. ಅದನ್ನು ಬಿಟ್ಟು ಬೇರೆಯದನ್ನು ಆರಿಸಿಕೊಳ್ಳುವುದೇ ಜಾಣತನ.

ಮುದ್ರೆಯೇ ಇಲ್ಲದ ಪ್ಯಾಲೆಟ್‌ಗಳು ಸಾಮಾನ್ಯವಾಗಿ ದೇಶದೊಳಗಿನ ಸಾಗಣೆಗೆ ಮಾಡಿದವು. ಅವುಗಳಲ್ಲಿ ರಾಸಾಯನಿಕದ ಭಯ ಕಡಿಮೆ, ಹುಳುವಿನ ಭಯ ಹೆಚ್ಚು. ಇನ್ನೂ ಒಂದು ಮಾತು ನೆನಪಿರಲಿ. ಮರ ಹೊರಟಾಗ ಹೇಗಿತ್ತು ಎಂಬುದನ್ನಷ್ಟೇ ಮುದ್ರೆ ಹೇಳುತ್ತದೆ, ಆಮೇಲೆ ಅದರ ಮೇಲೆ ಏನು ಚೆಲ್ಲಿತು ಎಂಬುದನ್ನಲ್ಲ. ಪೀಣ್ಯದಲ್ಲಿ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳಿವೆ, ಅಲ್ಲಿನ ಅಂತರ್ಜಲದಲ್ಲಿ ಕ್ರೋಮಿಯಂ ಪತ್ತೆಯಾಗಿದ್ದೂ ಇದೆ. ಎಣ್ಣೆ ಹೀರಿದ, ಹಸಿರು–ಹಳದಿ ಕಲೆಯಿರುವ, ಘಾಟು ವಾಸನೆಯ ಹಲಗೆಯನ್ನು ಎಷ್ಟೇ ಉಜ್ಜಿದರೂ ಮಲಗುವ ಕೋಣೆಗೆ ತರಬಾರದು. ಒಲೆಗೆ ಹಾಕಿದರೆ ಹೊಗೆ ಇನ್ನೂ ಕೆಟ್ಟದ್ದು. ಯಂತ್ರ ಬಂದಿಳಿದ ಪೆಟ್ಟಿಗೆಗಳ ಮರ ಈ ದೃಷ್ಟಿಯಿಂದ ಒಳ್ಳೆಯದು. ಅದು ಬಳಕೆಯಾಗುವುದು ಸಾಮಾನ್ಯವಾಗಿ ಒಂದೇ ಸಲ.

ಘನ ಅಡಿಯ ಗಣಿತ

ಮರದಂಗಡಿಯ ಲೆಕ್ಕ ಘನ ಅಡಿಯಲ್ಲಿ; ಆಡುಮಾತಿನಲ್ಲಿ ‘ಸಿಎಫ್‌ಟಿ’. ಉದ್ದವನ್ನು ಅಡಿಯಲ್ಲೂ ಅಗಲ ಮತ್ತು ದಪ್ಪವನ್ನು ಇಂಚಿನಲ್ಲೂ ಅಳೆದು ಮೂರನ್ನೂ ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ ಸಿಗುತ್ತದೆ. ಈ ಒಂದು ಸೂತ್ರ ಗೊತ್ತಿದ್ದರೆ ಅಂಗಡಿಯವರ ಲೆಕ್ಕವನ್ನು ನಿಂತಲ್ಲೇ ತಾಳೆ ನೋಡಬಹುದು.

ಆರಡಿ ಉದ್ದ, ಮೂರಡಿ ಅಗಲದ ಹಾಸಿಗೆ ಹಿಡಿಸುವ ಮಂಚವನ್ನು ತೆಗೆದುಕೊಳ್ಳೋಣ. ಎರಡು ಉದ್ದ ಪಟ್ಟಿಗಳು, ತಲಾ ಆರೂಕಾಲು ಅಡಿ, 5 ಇಂಚು ಅಗಲ, ಒಂದೂವರೆ ಇಂಚು ದಪ್ಪ. ಎರಡಕ್ಕೂ ಸೇರಿ 0.65 ಘನ ಅಡಿ. ಅದೇ ಅಗಲ, ಅದೇ ದಪ್ಪದ ಎರಡು ಅಡ್ಡ ಪಟ್ಟಿಗಳಿಗೆ 0.31. ಹದಿನೈದು ಇಂಚು ಎತ್ತರದ, ಮೂರಿಂಚು ಚದರದ ನಾಲ್ಕು ಕಾಲುಗಳಿಗೆ 0.31. ಹಲಗೆ ಕೂರಲು ಪಟ್ಟಿಯ ಒಳಗೆ ಬಡಿಯುವ ರೀಪುಗಳಿಗೆ 0.2. ಒಟ್ಟು ಸುಮಾರು ಒಂದೂವರೆ ಘನ ಅಡಿ. ಮಂಚದಲ್ಲಿ ನಿಜವಾಗಿ ಭಾರ ಹೊರುವುದು ಇಷ್ಟೇ. ಹಳೇ ಮನೆಯ ಒಳ್ಳೆಯ ಮರಕ್ಕೆ ದುಡ್ಡು ಹಾಕಬೇಕಾದದ್ದೂ ಇಷ್ಟಕ್ಕೇ.

ಉಳಿದದ್ದು ಅಡ್ಡ ಹಲಗೆಗಳು. ಮೂರೂವರೆಯಿಂದ ಐದಿಂಚು ಅಗಲದ ಹನ್ನೆರಡು ಹಲಗೆಗಳಿದ್ದರೆ ನಡುವಿನ ಸಂದು ಮೂರಿಂಚು ಮೀರದು. ಫೋಮ್ ಹಾಸಿಗೆ ಕೆಳಗೆ ಜೋತು ಬೀಳದು. ಇಲ್ಲಿ ಪ್ಯಾಲೆಟ್ ಮರ ಸಾಕು. ಯುರೋಪಿನ 1200×800 ಮಿಲಿಮೀಟರ್ ಮಾದರಿಯ ಪ್ಯಾಲೆಟ್ ಸಿಕ್ಕಿತೆಂದುಕೊಳ್ಳಿ. 1961ರಲ್ಲಿ ರೈಲ್ವೆಗಳು ಒಪ್ಪಿಕೊಂಡ ಈ ಅಳತೆಯಲ್ಲಿ 11 ಹಲಗೆ, 9 ಗಟ್ಟಿ, 78 ಮೊಳೆಗಳಿವೆ. ಹಲಗೆಯ ದಪ್ಪ 22 ಮಿಲಿಮೀಟರ್. ಉದ್ದ ಹಲಗೆಗಳೇ ಎಂಟು. ಎರಡು ಪ್ಯಾಲೆಟ್ ಬಿಚ್ಚಿದರೆ ಹದಿನಾರು. ಸೀಳಿದ್ದು, ಗಂಟಿದ್ದದ್ದನ್ನು ಬಿಟ್ಟರೂ ಹನ್ನೆರಡಕ್ಕೆ ಕೊರತೆಯಿಲ್ಲ.

ಮರದ ಬಲದ ಲೆಕ್ಕವೂ ಸ್ವಲ್ಪ ಗೊತ್ತಿರಬೇಕು. ಒಂದೇ ಭಾರಕ್ಕೆ ಹಲಗೆ ಎಷ್ಟು ಬಾಗುತ್ತದೆ ಎಂಬುದು ಆಧಾರಗಳ ನಡುವಿನ ಅಂತರದ ಘನವನ್ನು ಅವಲಂಬಿಸಿದೆ. ಅಂತರ ಅರ್ಧವಾದರೆ ಬಾಗುವಿಕೆ ಎಂಟನೇ ಒಂದಕ್ಕೆ ಇಳಿಯುತ್ತದೆ. ಐದಡಿ ಅಗಲದ ಜೋಡಿ ಮಂಚಕ್ಕೆ ದಪ್ಪ ಹಲಗೆ ಹುಡುಕುವ ಬದಲು ನಡುವೆ ಒಂದು ತೊಲೆ, ಅದಕ್ಕೊಂದು ಕಾಲು ಕೊಟ್ಟರೆ ಪ್ಯಾಲೆಟ್ ಹಲಗೆಯೇ ತಡೆಯುತ್ತದೆ. ಪಟ್ಟಿಗೂ ಇದೇ ನ್ಯಾಯ. ಐದಿಂಚು ಅಗಲ, ಒಂದೂವರೆ ಇಂಚು ದಪ್ಪದ ಪಟ್ಟಿಯನ್ನು ಮಲಗಿಸಿ ಇಡುವುದಕ್ಕಿಂತ ಅಂಚಿನ ಮೇಲೆ ನಿಲ್ಲಿಸಿದರೆ ಅದರ ಬಿಗಿ ಹನ್ನೊಂದು ಪಟ್ಟು ಹೆಚ್ಚುತ್ತದೆ. ಹೆಚ್ಚು ಮರ ಸುರಿದರೆ ಮಂಚ ಗಟ್ಟಿ ಎಂಬ ನಂಬಿಕೆ ಖರ್ಚಿನ ದಾರಿ.

ಮೊಳೆಗೆ ತೆರುವ ಕೂಲಿ

ಹಳೇ ಮರದ ನಿಜವಾದ ಬೆಲೆ ಅಡಗಿರುವುದು ಮೊಳೆಗಳಲ್ಲಿ. ಪ್ಯಾಲೆಟ್‌ಗೆ ಹೊಡೆಯುವುದು ತಿರುಚಿದ ಅಥವಾ ಉಂಗುರ ಕೊರೆದ ಮೊಳೆ, ಕಿತ್ತರೆ ಬಾರದೇ ಇರಲೆಂದೇ ಮಾಡಿದ್ದು. ಹಾರೆ ಕೊಟ್ಟು ಎತ್ತಿದರೆ ಮೊಳೆಗಿಂತ ಮೊದಲು ಹಲಗೆ ಸೀಳುತ್ತದೆ. ಎರಡು ಪ್ಯಾಲೆಟ್‌ನ 156 ಮೊಳೆಗಳನ್ನು ದಿನಗೂಲಿ ಕೊಟ್ಟು ಕೀಳಿಸಿದರೆ ಮರದಲ್ಲಿ ಉಳಿಸಿದ್ದು ಅಲ್ಲೇ ಖರ್ಚಾಗುತ್ತದೆ.

ಇದಕ್ಕೆ ಮದ್ದು, ಕೀಳದೇ ಇರುವುದು. ಯುರೋಪ್ ಮಾದರಿಯ ಹಲಗೆ 1200 ಮಿಲಿಮೀಟರ್ ಉದ್ದ. ಎರಡೂ ತುದಿಗಳಲ್ಲಿ 145 ಮಿಲಿಮೀಟರ್‌ನಷ್ಟು ಭಾಗ ಗಟ್ಟಿಯ ಮೇಲಿರುತ್ತದೆ, ತುದಿಯ ಮೊಳೆಗಳೆಲ್ಲ ಅಲ್ಲೇ. ಗಟ್ಟಿಯ ಒಳ ಅಂಚಿಗೆ ಸರಿಯಾಗಿ ಕೊಯ್ದರೆ ಉಳಿಯುವುದು 910 ಮಿಲಿಮೀಟರ್, ಅಂದರೆ ಸುಮಾರು ಮೂರಡಿ. ಒಂಟಿ ಮಂಚದ ಅಡ್ಡ ಹಲಗೆಗೆ ಬೇಕಾದ ಅಳತೆಯೇ ಅದು! ನಡುವಿನ ಮೊಳೆಗಳನ್ನಷ್ಟೇ ಹಲಗೆ ಮತ್ತು ಗಟ್ಟಿಯ ಸಂದಿನಲ್ಲಿ ಕಬ್ಬಿಣ ಕೊಯ್ಯುವ ಬ್ಲೇಡು ತೂರಿಸಿ ಕತ್ತರಿಸಿದರೆ ಆಯಿತು.

ಹಳೇ ತೊಲೆಗಳಲ್ಲಿ ತೊಂದರೆ ಬೇರೆ. ಒಳಗೆ ಮುರಿದುಳಿದ ಮೊಳೆ ಕಣ್ಣಿಗೆ ಕಾಣದು. ಅದು ಗರಗಸಕ್ಕೆ ಸಿಕ್ಕರೆ ಬ್ಲೇಡು ಹಾಳಾಗುತ್ತದೆ, ಕೆಲಸ ಮಾಡುವವರಿಗೆ ಅಪಾಯವೂ ಹೌದು. ಹಳೇ ಮರ ಕೊಯ್ದುಕೊಡಲು ಸಾಮಿಲ್‌ಗಳು ಹಿಂದೆಮುಂದೆ ನೋಡುವುದು ಇದಕ್ಕೇ. ಬಲವಾದ ಅಯಸ್ಕಾಂತವೊಂದನ್ನು ದಾರಕ್ಕೆ ಕಟ್ಟಿ ಮರದ ನಾಲ್ಕೂ ಮುಖಗಳ ಮೇಲೆ ನಿಧಾನವಾಗಿ ಎಳೆದರೆ ಮೊಳೆಯಿರುವಲ್ಲಿ ಅದು ತಡೆಯುತ್ತದೆ. ಎಷ್ಟೋ ಸಲ ಕೊಯ್ಯುವ ಅಗತ್ಯವನ್ನೇ ತಪ್ಪಿಸಬಹುದು. ಹಳೇ ದಾರಂದದ ಕಂಬಗಳು ಕಾಲಿಗೆ ಸಾಕಷ್ಟು ದಪ್ಪ ಇರುತ್ತವೆ. ಎತ್ತರಕ್ಕೆ ತುಂಡು ಮಾಡಿ, ತೋಪಡ ಹೊಡೆಸಿದರೆ ಸಾಕು. ಸಿಕ್ಕ ಅಳತೆಗೆ ಮಂಚವನ್ನು ಹೊಂದಿಸಿಕೊಳ್ಳುವುದು ಇಲ್ಲಿನ ಉಳಿತಾಯ. ಪುಸ್ತಕದ ಅಳತೆಗೆ ಮರವನ್ನು ಕೊಯ್ಯುತ್ತ ಹೋದರೆ ಕೂಲಿ ಏರುತ್ತದೆ.

ಬಿಚ್ಚಿ ಕಟ್ಟುವ ಜಾಣ್ಮೆ

ಮಂಚ ಕಿರುಗುಟ್ಟಲು ಕಾರಣ ಮರವಲ್ಲ, ಕೂಡುವ ಜಾಗ. ಭಾರ ಮರದ ಮೇಲೆ ಕೂರಬೇಕು, ಸ್ಕ್ರೂ ಮೇಲೆ ನೇತಾಡಬಾರದು. ಅಡ್ಡ ಹಲಗೆ ರೀಪಿನ ಮೇಲೆ ಒರಗಲಿ, ಪಟ್ಟಿಯ ತುದಿ ಕಾಲಿನಲ್ಲಿ ತೋಡಿದ ಕಚ್ಚಿನೊಳಗೆ ಕೂರಲಿ. ಬೋಲ್ಟ್ ಮಾಡಬೇಕಾದ್ದು ಎರಡನ್ನೂ ಬಿಗಿಹಿಡಿಯುವ ಕೆಲಸ ಮಾತ್ರ. ಪ್ರತಿ ಮೂಲೆಗೂ ಎರಡು ಬೋಲ್ಟು, ಅಗಲ ವಾಷರು. ಮನೆ ಬದಲಿಸುವಾಗ ಎಂಟು ಬೋಲ್ಟು ಬಿಚ್ಚಿದರೆ ಮಂಚ ನಾಲ್ಕು ಪಟ್ಟಿ, ನಾಲ್ಕು ಕಾಲು, ಒಂದು ಕಟ್ಟು ಹಲಗೆಯಾಗಿ ಆಟೊ ಏರುತ್ತದೆ. ಮತ್ತಿಯಂಥ ಗಟ್ಟಿ ಮರಕ್ಕೆ ತೂತು ಕೊರೆಯದೆ ಸ್ಕ್ರೂ ತಿರುಗಿಸಿದರೆ ಸ್ಕ್ರೂ ಮುರಿಯುತ್ತದೆ, ಪೈನ್ ತುದಿಗೆ ಹಾಗೆ ಮಾಡಿದರೆ ಹಲಗೆ ಸೀಳುತ್ತದೆ. ಎರಡಕ್ಕೂ ಮೊದಲು ತೂತು, ಆಮೇಲೆ ಸ್ಕ್ರೂ.

ಪೀಠೋಪಕರಣವನ್ನು ಚಪ್ಪಟೆ ಪೆಟ್ಟಿಗೆಯಲ್ಲಿ ಮಾರುವ ಪದ್ಧತಿಯನ್ನು ಐಕಿಯಾ 1956ರ ಹೊತ್ತಿಗೆ ಶುರುಮಾಡಿತು. ಅದಕ್ಕೂ ಮುಂಚೆ, 1934ರಲ್ಲೇ, ಡಚ್ ವಿನ್ಯಾಸಕಾರ ಗೆರಿಟ್ ರೀಟ್‌ವೆಲ್ಡ್ ಪ್ಯಾಕಿಂಗ್ ಪೆಟ್ಟಿಗೆಯಂಥ ಒರಟು ಹಲಗೆಗಳಿಂದ ಕುರ್ಚಿ ಮಾಡಿದ್ದ. ಕೊಂಡವರೇ ಜೋಡಿಸಿಕೊಳ್ಳಬಹುದಾಗಿತ್ತು. 1974ರಲ್ಲಿ ಇಟಲಿಯ ಎಂಜೊ ಮಾರಿ ಇನ್ನೂ ಮುಂದೆ ಹೋದ. ಹಲಗೆ, ಮೊಳೆ, ಸುತ್ತಿಗೆಯಿಂದ ಯಾರು ಬೇಕಾದರೂ ಮಾಡಿಕೊಳ್ಳಬಲ್ಲ ಮೇಜು, ಕಪಾಟು, ಮಂಚಗಳ 19 ನಕ್ಷೆಗಳನ್ನು ಜನರಿಗೆ ಹಂಚಿದ. ಅಗ್ಗದ ಸಾಮಾನು ಕೊಡುವುದಷ್ಟೇ ಅವನ ಉದ್ದೇಶವಾಗಿರಲಿಲ್ಲ. ತನ್ನ ಕೈಯಿಂದ ಒಮ್ಮೆ ಮಂಚ ಮಾಡಿದವನಿಗೆ ಅಂಗಡಿಯಲ್ಲಿ ಒಳ್ಳೆಯದು ಯಾವುದು, ಥಳಕು ಯಾವುದು ಎಂಬುದು ತಿಳಿಯುತ್ತದೆ ಎಂಬ ನಂಬಿಕೆ ಅವನದು.

ಈ ಕಣ್ಣು ನಮ್ಮವರಿಗೂ ಬೇಕು. ಮರದ ಪುಡಿಯನ್ನು ಅಂಟಿನಿಂದ ಒತ್ತಿದ ಪಾರ್ಟಿಕಲ್ ಬೋರ್ಡಿನ ಮಂಚ ಹೊಸತರಲ್ಲಿ ನುಣುಪಾಗಿ ಕಾಣುತ್ತದೆ. ನೀರು ತಗುಲಿದರೆ ಅಂಚು ಉಬ್ಬುತ್ತದೆ. ಬಿಚ್ಚಿ ಕಟ್ಟಿದಷ್ಟೂ ಸ್ಕ್ರೂ ಹಿಡಿತ ಸಡಿಲವಾಗುತ್ತದೆ. ಗಟ್ಟಿ ಮರದಲ್ಲಿ ತೂತು ಸವೆದರೆ ಕಡ್ಡಿ ತುಂಬಿ, ಅಂಟು ಹಾಕಿ ಮತ್ತೆ ಕೊರೆಯಬಹುದು. ಒಡೆದ ಹಲಗೆಯ ಜಾಗಕ್ಕೆ ಇನ್ನೊಂದನ್ನು ಇಡಬಹುದು.

ಹುಳು, ತಿಗಣೆ, ಹಳೇ ಬಣ್ಣ

ಹಳೇ ಮರವನ್ನು ಕೋಣೆಯೊಳಗೆ ತರುವ ಮೊದಲು ಮೂರು ಪರೀಕ್ಷೆ ಆಗಬೇಕು. ಮೊದಲನೆಯದು ಹುಳು. ಗುಂಡುಸೂಜಿ ತಲೆಯಷ್ಟು ತೂತುಗಳಿದ್ದು, ಮರವನ್ನು ನೆಲಕ್ಕೆ ಕುಟ್ಟಿದಾಗ ಹಿಟ್ಟಿನಂಥ ಪುಡಿ ಉದುರಿದರೆ ಒಳಗೆ ಹುಳು ಜೀವಂತವಿದೆ. ರಬ್ಬರ್ ಮರದಲ್ಲಿ ಪಿಷ್ಟ ಹೆಚ್ಚಿರುವುದರಿಂದ ಈ ಕಾಟ ಜಾಸ್ತಿ. ಆ ಮರದ ಉದ್ಯಮ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಿಂದ ಅದನ್ನು ಸಂಸ್ಕರಿಸುವುದು ಇದಕ್ಕೇ. ಹಳೇ ತೂತುಗಳಿದ್ದು ಪುಡಿ ಉದುರದಿದ್ದರೆ ಹೆಚ್ಚಿನ ಚಿಂತೆ ಬೇಡ. ಗೆದ್ದಲಾದರೆ ಉಳಿಯಿಂದ ಚುಚ್ಚಿದಾಗ ಮರ ಒಳಗೆ ಟೊಳ್ಳಾಗಿರುವುದು ಗೊತ್ತಾಗುತ್ತದೆ.

ಎರಡನೆಯದು ತಿಗಣೆ. ಬಿಡಿ ಹಲಗೆಗಿಂತ ಹಳೇ ಮಂಚವನ್ನೇ ಇಡಿಯಾಗಿ ಕೊಂಡಾಗ ಇದರ ಭಯ. ಸಂದು, ಸ್ಕ್ರೂ ತೂತು, ಹಲಗೆಯ ಅಡಿಯಲ್ಲಿ ಕಪ್ಪು ಚುಕ್ಕೆಗಳಿದ್ದರೆ ಅದನ್ನು ಮುಟ್ಟಬೇಡಿ. ಮಂಚಕ್ಕೆ ಕುದಿನೀರು ಹೊಯ್ದು ಬಿಸಿಲಿಗೆ ಹಾಕುವ ಹಳೇ ರೂಢಿಗೆ ಅರ್ಥವಿದೆ. 50 ಡಿಗ್ರಿ ಮೀರಿದ ಶಾಖವನ್ನು ತಿಗಣೆ ತಾಳದು.

ಮೂರನೆಯದು ಬಣ್ಣ. ಹಳೇ ಬಾಗಿಲನ್ನು ಮಂಚದ ತಲೆಭಾಗಕ್ಕೆ ನಿಲ್ಲಿಸುವುದು ಈಗಿನ ಒಲವು. ನೋಡಲು ಚೆಂದವೇ, ಆದರೆ ಹಳೇ ಎನಾಮಲ್ ಬಣ್ಣದಲ್ಲಿ ಸೀಸವಿರಬಹುದು. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಭಾರತದಲ್ಲಿ ಹೊರಬಿದ್ದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಿಂದ. ಅದಕ್ಕೂ ಹಿಂದಿನ ಬಣ್ಣವನ್ನು ಒಣಗಿದಂತೆಯೇ ಉಜ್ಜಿ ದೂಳೆಬ್ಬಿಸಬಾರದು. ಮಕ್ಕಳಿರುವ ಮನೆಯಲ್ಲಂತೂ ಕೂಡದು. ರಾಸಾಯನಿಕ ಹಚ್ಚಿ ಕೆರೆಯಬೇಕು, ಇಲ್ಲವೇ ಬಣ್ಣ ಹಚ್ಚದ ಮರವನ್ನೇ ಆರಿಸಬೇಕು.

ಕೊನೆಯ ಹೊಳಪಿಗೆ 80, 120, 180ನೇ ನಂಬರಿನ ಮರಳು ಕಾಗದ ಒಂದಾದ ಮೇಲೊಂದು ಸಾಕು. ಮೇಲೆ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿದ ಪಾಲಿಶ್ ಅಥವಾ ಅಗಸೆ ಎಣ್ಣೆ. ಅರಗಿನ ನಂಟು ನಮಗೆ ಹಳೆಯದು. ಚುನಾವಣೆಯ ಶಾಯಿಯಿಂದ ಹೆಸರಾದ ಮೈಸೂರಿನ ಬಣ್ಣದ ಕಾರ್ಖಾನೆ 1937ರಲ್ಲಿ ಹುಟ್ಟಿದ್ದು ಅರಗಿನ ಕಾರ್ಖಾನೆಯಾಗಿಯೇ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಹುಟ್ಟುವ ಶಾಖಕ್ಕೆ ತಾನಾಗಿಯೇ ಬೆಂಕಿ ಹತ್ತಬಹುದು. ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.

ಯಾವ ಮರವೆಂದು ತಿಳಿಯದೆ ದೊಡ್ಡ ಮೊತ್ತಕ್ಕೆ ಕೊಳ್ಳುವವರಿಗೆ ಮಲ್ಲೇಶ್ವರದ 18ನೇ ಅಡ್ಡರಸ್ತೆಯಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಆರಂಭವಾದ ಇಲ್ಲಿ ತುಂಡನ್ನು ನೋಡಿ ಮರದ ಜಾತಿ ಗುರುತಿಸಿಕೊಡುತ್ತಾರೆ. ಒಂದೂವರೆ ಘನ ಅಡಿಗೆ ಅಷ್ಟು ದೂರ ಹೋಗಬೇಕಿಲ್ಲ. ತೇಗವೆಂದು ಹೇಳಿ ಇಡೀ ಮನೆಯ ಮರ ಮಾರಲು ಬಂದಾಗ ಹೋಗಬೇಕು. ಎಷ್ಟೇ ಕೊಂಡರೂ ಬಿಲ್ ಕೇಳಿ ಪಡೆಯಿರಿ.

ಎಲ್ಲಿ ನಿಲ್ಲಿಸಬೇಕು

ಮಂಚ ಚೆನ್ನಾಗಿ ಬಂತೆಂದು ಬೀರುವಿಗೆ ಕೈಹಾಕಿದರೆ ಲೆಕ್ಕ ತಪ್ಪುತ್ತದೆ. ಬೀರುವಿಗೆ ಬೇಕಾದ್ದು ಅಗಲವಾದ, ಸಮತಟ್ಟಾದ ಫಲಕಗಳು. ನಾಲ್ಕಿಂಚಿನ ಪ್ಯಾಲೆಟ್ ಹಲಗೆಗಳನ್ನು ಅಂಚಿಗೆ ಅಂಚು ಅಂಟಿಸಿ ಅಷ್ಟಗಲ ಮಾಡುವ ಹೊತ್ತಿಗೆ ಕೂಲಿ ಹೊಸ ಬೀರುವಿನ ಬೆಲೆ ಮುಟ್ಟುತ್ತದೆ. ಮರ ಹವೆಗೆ ತಕ್ಕಂತೆ ಹಿಗ್ಗಿ ಕುಗ್ಗುವುದು ಅಗಲದ ದಿಕ್ಕಿನಲ್ಲಿ. ಮಳೆಗಾಲಕ್ಕೆ ಬಾಗಿಲು ಬಿಗಿದು, ಬೇಸಿಗೆಗೆ ಸಂದು ಬಿಡುತ್ತದೆ. ಬಟ್ಟೆಗೆ ಎರಡು ಚೌಕಟ್ಟು, ನಡುವೆ ಒಂದು ಕೊಳವೆ, ಮುಂದೆ ಪರದೆ ಸಾಕು. ಬಾಗಿಲಿನ ಬೀರುವೇ ಬೇಕೆಂದರೆ ಹಳೇ ಸ್ಟೀಲ್ ಬೀರು ಕೊಳ್ಳಿ. ಮಂಚದ ಪಕ್ಕದ ಪುಟ್ಟ ಮೇಜು, ಗೋಡೆಯ ಹಲಗೆ, ಮಂಚದಡಿಗೆ ಜಾರಿಸುವ ಪೆಟ್ಟಿಗೆ ಇವಕ್ಕೆಲ್ಲ ಪ್ಯಾಲೆಟ್ ಮರ ಹೇಳಿ ಮಾಡಿಸಿದ್ದು. ಮಂಚಕ್ಕಿಂತ ಮೊದಲು ಇವನ್ನೇ ಮಾಡಿದರೆ ಕೈಯೂ ಪಳಗುತ್ತದೆ, ಕೆಟ್ಟರೆ ಹೋಗುವುದು ಎರಡು ಹಲಗೆ ಮಾತ್ರ.

ಎಲ್ಲವನ್ನೂ ತಾವೇ ಮಾಡಬೇಕೆಂಬ ಹಟವೂ ಬೇಡ. ಹಲಗೆ ಆರಿಸುವುದು, ಬಿಚ್ಚುವುದು, ಉಜ್ಜುವುದು, ಎಣ್ಣೆ ಹಚ್ಚುವುದು ಮನೆಮಂದಿಯ ಭಾನುವಾರದ ಕೆಲಸ. ಕಾಲಿನಲ್ಲಿ ಕಚ್ಚು ತೋಡುವುದು, ನಾಲ್ಕು ಮೂಲೆಯನ್ನು ಮಟ್ಟಕ್ಕೆ ತರುವುದು ಬಡಗಿಯ ಕೆಲಸ. ಸರಕು ಸಿದ್ಧವಿದ್ದರೆ ಅದಕ್ಕೆ ಹೆಚ್ಚು ಹೊತ್ತು ಹಿಡಿಯದು. ಪಳಗಿದ ಕೈಗೆ ಕೊಡುವ ಆ ಕೂಲಿಯಲ್ಲಿ ಚೌಕಾಸಿ ಮಾಡುವುದಕ್ಕಿಂತ ಮರದ ಆಯ್ಕೆಯಲ್ಲಿ ಇನ್ನರ್ಧ ಗಂಟೆ ಕಳೆಯುವುದು ಲಾಭ. ಇನ್ನು, ಇಷ್ಟಕ್ಕೆಲ್ಲ ಮೊದಲು ಕೊಳ್ಳಬೇಕಾದ್ದು ಮರವನ್ನಲ್ಲ, ಹಾಸಿಗೆಯನ್ನು. ಒಂದೇ ಹೆಸರಿನ ಹಾಸಿಗೆಗಳೂ ಕಂಪನಿಯಿಂದ ಕಂಪನಿಗೆ ಒಂದೆರಡು ಇಂಚು ಹೆಚ್ಚುಕಡಿಮೆ ಇರುತ್ತವೆ. ಮನೆಗೆ ಬಂದ ಹಾಸಿಗೆಯನ್ನು ಅಳೆದು, ಸುತ್ತ ಅರ್ಧ ಇಂಚು ಸೇರಿಸಿ, ಆ ಚೀಟಿ ಹಿಡಿದು ಗುಜರಿಗೆ ಹೋಗಿ.